ಬೀಗ ಹಾಕಿ ಹೋದ ವ್ಯಾನು

ವ್ಯಾನಿನ ಬೀಗ ತೆಗೆದು ಒಳಗೆ ಕಾಲಿಟ್ಟ ಡ್ರೈವರ ಮೂಗಿಗೆ ಕಾಫಿಯ ವಾಸನೆ ಬಡಿಯಿತು. ಒಲೆಯ ಮೇಲಿದ್ದ ಪಾತ್ರೆಯನ್ನು ಮುಟ್ಟಿ ನೋಡಿದರು. ಇನ್ನೂ ಬೆಚ್ಚಗಿತ್ತು. ಮೂರು ವಾರದಿಂದ ಖಾಲಿ ಬಿದ್ದಿರಬೇಕಾದ ವ್ಯಾನು ಅದು.

ಬಸ್ ಓಡಿಸುವ ನೌಕರಿಯಿಂದ ನಿವೃತ್ತರಾದ ಮೇಲೆ ಗಂಡ ಹೆಂಡತಿ ಇಬ್ಬರೂ ಒಪ್ಪಿ, ಮನೆ ಮಾರಿ ಇದನ್ನು ಕೊಂಡಿದ್ದರು. ಹಿಂದೆ ಮಂಚ, ಪಕ್ಕದಲ್ಲಿ ಒಲೆ, ಮುಂದೆ ಸ್ಟೀರಿಂಗು. ಇರುವ ಮನೆಯೂ ಇದೇ, ತಿರುಗುವ ಗಾಡಿಯೂ ಇದೇ. ಅಣ್ಣ ಬಿದ್ದು ಕಾಲು ಮುರಿದುಕೊಂಡನೆಂದು ಡ್ರೈವರು ಅತ್ತ ಹೊರಡಬೇಕಾಯಿತು. ಅದೇ ಹೊತ್ತಿಗೆ ಹೆಂಡತಿಯ ತಂಗಿಯ ಮಗಳಿಗೆ ಹೆರಿಗೆಯಾಗಿ ಆಕೆ ಇತ್ತ ಹೊರಟಳು. ಊರಾಚೆಯ ಕ್ಯಾಂಪ್ ಮೈದಾನದಲ್ಲಿ ವ್ಯಾನು ನಿಲ್ಲಿಸಿ, ಟ್ಯಾಂಕಿನ ನೀರು ಖಾಲಿ ಮಾಡಿ, ಗ್ಯಾಸ್ ಬಂದ್ ಮಾಡಿ, ಸ್ವಲ್ಪ ನೋಡಿಕೊಳ್ಳಪ್ಪಾ ಎಂದು ಕಾವಲುಗಾರನಿಗೆ ಹೇಳಿ ಇಬ್ಬರೂ ಬಸ್ ನಿಲ್ದಾಣಕ್ಕೆ ನಡೆದಿದ್ದರು. ಡ್ರೈವರು ಹತ್ತಬೇಕಿದ್ದ ಬಸ್ಸು ಮೊದಲು ಬಂತು. ಆಕೆ ಕೈ ಬೀಸುತ್ತಾ ನಿಂತಿದ್ದಳು.

ಈಗ ನೋಡಿದರೆ ಒಳಗೆ ಏನೊಂದೂ ಕಳುವಾಗಿಲ್ಲ, ಆದರೆ ಇಟ್ಟಲ್ಲಿ ಇಟ್ಟಂತೆಯೂ ಇಲ್ಲ. ಮಂಚದ ಮೇಲೆ ದಿಂಬು ಕಿಟಕಿಯ ಕಡೆಗೆ ಹೋಗಿದೆ. ಪರದೆಗಳು ಹೊರಗೆ ಎರಡು ಮರಗಳ ನಡುವಿನ ಹಗ್ಗದಲ್ಲಿ ಒಣಗುತ್ತಿವೆ. ಅವರನ್ನು ನಿಜಕ್ಕೂ ದಿಗಿಲುಗೊಳಿಸಿದ್ದು ಡ್ರೈವರ್ ಸೀಟು. ಅದು ಸ್ಟೀರಿಂಗಿಗೆ ಬೆನ್ನು ಹಾಕಿ ಒಳಗಿನ ಮಂಚದ ಕಡೆ ಮುಖ ಮಾಡಿತ್ತು. ಸೀಟು ಹಾಗೆ ತಿರುಗುತ್ತದೆಂದು ಅವರಿಗೇ ಗೊತ್ತಿರಲಿಲ್ಲ. ಕಳ್ಳನಾದರೆ ಪರದೆ ಯಾಕೆ ಒಗೆಯುತ್ತಾನೆ? ತಾವೇ ಹೀಗೆ ಬಿಟ್ಟು ಹೋಗಿ ಮರೆತುಬಿಟ್ಟೆವೇನೋ ಎಂದು ಒಂದು ಗಳಿಗೆ ತಮ್ಮ ತಲೆಯ ಮೇಲೇ ಅನುಮಾನ ಬಂತು.

ಗೇಟಿನ ಬಳಿ ಕಾವಲುಗಾರನನ್ನು ಕೇಳಿದರೆ ಅವನು ಇವರಿಗಿಂತ ಹೆಚ್ಚು ತಬ್ಬಿಬ್ಬಾದ. ಅಮ್ಮಾವ್ರು ಇದ್ದಾರಲ್ಲ ಸಾರ್, ನೀವು ಹೋದ ದಿನ ಸಂಜೆಯೇ ವಾಪಸ್ ಬಂದರಲ್ಲ ಎಂದ. ಡ್ರೈವರು ನಂಬಲಿಲ್ಲ. ಇವನು ಯಾರನ್ನೋ ನೋಡಿ ಯಾರೆಂದುಕೊಂಡಿದ್ದಾನೆ. ಹೆಂಡತಿ ದಿನಾ ಫೋನಿನಲ್ಲಿ ಮಾತಾಡುತ್ತಿಲ್ಲವೇ? ಮಗುವಿಗೆ ಬಿಕ್ಕಳಿಕೆ ಹತ್ತಿದ್ದು, ಅಜ್ಜನ ಹಾಗೇ ಮೂಗು ಇರುವುದು, ಎಲ್ಲ ಆಕೆಯೇ ಹೇಳಿದ್ದಳು. ವ್ಯಾನಿನ ಬಳಿ ಬಂದು ಆಕೆಗೆ ಫೋನ್ ಹಚ್ಚಿದರು. ಎರಡನೇ ರಿಂಗಿಗೇ ಎತ್ತಿಕೊಂಡಳು.

"ಮೆಲ್ಲಗೆ ಮಾತಾಡಿ. ಮಗು ಈಗ ತಾನೇ ಮಲಗ್ತು."

ಅದೇ ಹೊತ್ತಿಗೆ ನಲ್ಲಿಯ ಕಡೆಯಿಂದ, ಒಂದು ಕೈಯಲ್ಲಿ ನೀರಿನ ಬಕೆಟ್ಟು, ಇನ್ನೊಂದು ಕೈಯಲ್ಲಿ ಕಿವಿಗೊತ್ತಿದ ಫೋನು ಹಿಡಿದು ಹೆಂಡತಿ ನಡೆದು ಬರುತ್ತಿದ್ದಳು. ಇವತ್ತು ಬರುತ್ತೇನೆಂದು ಹೇಳಿರದ ಗಂಡನನ್ನು ಕಂಡು ನಿಂತುಬಿಟ್ಟಳು. ಅವರಿಗೂ ಫೋನು ಕಿವಿಯಿಂದ ತೆಗೆಯಬೇಕೆಂದು ತೋಚಲಿಲ್ಲ.

"ಯಾವ ಮಗು?" ಎಂದು ಫೋನಿನಲ್ಲೇ ಕೇಳಿದರು.

ಆಕೆ ಬಕೆಟ್ಟು ಕೆಳಗಿಟ್ಟಳು. ಮಗು ನಿಜ, ಬಿಕ್ಕಳಿಕೆಯೂ ನಿಜ, ತಂಗಿ ಫೋನಿನಲ್ಲಿ ಹೇಳಿದ್ದನ್ನೇ ನಿಮಗೆ ಹೇಳುತ್ತಿದ್ದೆ ಎಂದಳು. ತಂಗಿಗೆ ಮಾತ್ರ, ಗಂಡನಿಗೆ ಸೊಂಟ ಹಿಡಿದುಕೊಂಡಿದೆ, ಬಿಟ್ಟು ಬರುವ ಹಾಗಿಲ್ಲ ಎಂದಿದ್ದಳಂತೆ. ಬಸ್ಸು ಹತ್ತಿ ಕೂತಿದ್ದೂ ಹೌದು. ಹೊರಡುವಾಗ ಯಾಕೋ ಇಳಿದುಬಿಟ್ಟೆ ಎಂದಳು.

ಡ್ರೈವರು ಒಳಗೆ ಹೋಗಿ, ಬೇರೆಲ್ಲೂ ಕೂರಲು ತೋಚದೆ ಆ ತಿರುಗಿದ ಸೀಟಿನಲ್ಲೇ ಕೂತರು. ಕೋಪ ಮಾಡಿಕೊಳ್ಳಲು ನೋಡಿದರು, ಎಲ್ಲಿಂದ ಶುರು ಮಾಡುವುದೆಂದೇ ತಿಳಿಯಲಿಲ್ಲ.

"ನನ್ ಮೇಲೆ ಬೇಜಾರಾ?"

"ಬೇಜಾರಾಗಿದ್ರೆ ಹೇಳೋದು ಸುಲಭ ಇತ್ತು ಕಣ್ರೀ." ಆಕೆ ಮಂಚದ ಅಂಚಿನಲ್ಲಿ ಕೂತಳು. "ನೀವು ಡ್ಯೂಟಿ ಮೇಲೆ ಹೋದಾಗೆಲ್ಲ ಮನೇಲಿ ನಾನೊಬ್ಬಳೇ ಇರ್ತಿದ್ದೆ. ಆಗ ಯಾವಾಗ ಬರ್ತೀರೋ ಅಂತ ಕಾಯ್ತಿದ್ದೆ. ಈಗ ನೀವು ಇಪ್ಪತ್ನಾಲ್ಕು ಗಂಟೆ ಜೊತೇಲೇ ಇದ್ದೀರ. ಕಾಯೋದಕ್ಕೆ ಯಾರೂ ಇಲ್ಲ."

"ಅಂದ್ರೆ ನಾನು ಇರಬಾರದಾ?"

"ಹಾಗಲ್ಲ."

"ಮತ್ತೆ ಹೇಗೆ?"

ಆಕೆ ದಿಂಬನ್ನು ಎತ್ತಿ ಅದರ ಮೊದಲಿನ ಜಾಗಕ್ಕೆ ಇಟ್ಟಳು. ಗೊತ್ತಿದ್ದರೆ ಹೇಳದೆ ಇರುವವಳಲ್ಲ ಎಂಬುದು ಅವರಿಗೂ ಗೊತ್ತಿತ್ತು. ಮೂರು ವಾರ ಇಲ್ಲಿ ಏನು ಮಾಡಿದೆ ಎಂದು ಕೇಳಿದರು. ಏನೂ ಮಾಡಲಿಲ್ಲ, ಚೆನ್ನಾಗಿತ್ತು ಎಂದಳು. ಹೇಳಿದ ಮೇಲೆ, ಹಾಗೆ ಹೇಳಬಾರದಿತ್ತೇನೋ ಎಂಬಂತೆ ಎದ್ದು ಕಾಫಿಗೆ ನೀರಿಟ್ಟಳು.

ಮರುದಿನ ಬೆಳಿಗ್ಗೆ ಡ್ರೈವರು ಚಕ್ರಗಳ ಗಾಳಿ ನೋಡಿದರು, ಗಾಜು ಒರೆಸಿದರು, ಎಂಜಿನ್ ಚಾಲೂ ಮಾಡಿ ಸದ್ದು ಕೇಳಿದರು. ಮುಂದಿನ ಊರಿಗೆ ಹೊರಡುವುದೆಂದು ಆಕೆಯೂ ಪಾತ್ರೆಗಳನ್ನು ಗೂಡಿನಲ್ಲಿಟ್ಟು ಅದರ ಬಾಗಿಲು ಭದ್ರ ಮಾಡಿದಳು. ಅವರು ಎಂಜಿನ್ ನಿಲ್ಲಿಸಿ ಒಳಗೆ ಬಂದರು.

"ಹಳೇ ಕಂಡಕ್ಟರ್ ಒಬ್ಬ ಇದ್ದಾನೆ, ಹೋಗಿ ನೋಡ್ಕೊಂಡು ಬರ್ತೀನಿ. ಒಂದ್ನಾಲ್ಕು ದಿನ ಆಗ್ಬಹುದು. ವ್ಯಾನ್ ಒಂದನ್ನೇ ಬಿಟ್ಟು ಹೋಗೋದು ಬೇಡ, ನೀನು ಇರು."

"ಯಾವ ಕಂಡಕ್ಟರು?"

ಡ್ರೈವರಿಗೆ ತಟ್ಟನೆ ಯಾವ ಹೆಸರೂ ಹೊಳೆಯಲಿಲ್ಲ. ಆಗಲೇ ಹಾಕಿದ್ದ ಶರ್ಟಿನ ಗುಂಡಿಯನ್ನು ಬಿಚ್ಚಿ ಮತ್ತೆ ಹಾಕಿಕೊಂಡರು.

ಆಕೆ ಚೀಲಕ್ಕೆ ಎರಡು ಶರ್ಟು, ಒಂದು ಟವೆಲು ತುಂಬಿ ಕೈಗಿಟ್ಟಳು.

"ಹೋಗಿ ಬನ್ನಿ. ಬರೋ ಹಿಂದಿನ ದಿನ ಮಾತ್ರ ಒಂದು ಫೋನ್ ಮಾಡಿ."