ಬಳೆ ಅಂಗಡಿಯ ಬೋಣಿ

ಸೊಸೆಯ ಕಾಟ ತಡೆಯಲಾರದೆ ರುದ್ರಮುನಿಯವರು ತಮ್ಮ ಬಳೆ ಅಂಗಡಿಯ ಗೋಡೆಗೆ ಸ್ಕ್ಯಾನ್ ಮಾಡುವ ಚೀಟಿ ಅಂಟಿಸಲು ಒಪ್ಪಿದ್ದರು. ಆದರೆ ಬೋಣಿ ಮಾತ್ರ ನೋಟಿನಲ್ಲೇ ಆಗಬೇಕು. ದಿನದ ಮೊದಲ ದುಡ್ಡನ್ನು ಕಣ್ಣಿಗೊತ್ತಿಕೊಂಡು ಗಲ್ಲಾಪೆಟ್ಟಿಗೆಗೆ ಹಾಕಿದರೆ, ಸಂಜೆ ದೀಪ ಹಚ್ಚುವವರೆಗೆ ಅದನ್ನು ಹೊರಗೆ ತೆಗೆಯುವಂತಿಲ್ಲ. ಅದು ಅವರ ಅಪ್ಪ ಹಾಕಿಕೊಟ್ಟ ಪದ್ಧತಿ.

ಅಂದು ಮೊದಲು ಬಂದ ಹೆಂಗಸು ಕೈತುಂಬ ಹಸಿರು ಬಳೆ ತೊಟ್ಟುಕೊಂಡು ಫೋನು ತೆಗೆದರು.

"ಬೋಣಿ ಟೈಮು ಮೇಡಂ, ನೋಟು ಕೊಡಿ."

"ನೋಟಿಲ್ವಲ್ಲ. ಬಳೆ ಬಿಚ್ಚಿಟ್ಟುಬಿಡ್ಲಾ?"

ರುದ್ರಮುನಿಯವರು ಗಡಬಡಿಸಿ ಕೈ ಅಡ್ಡ ಹಿಡಿದರು. ಬೋಣಿ ಗಿರಾಕಿ ಬರಿಗೈಯಲ್ಲಿ ಹೋದರೆ ಆ ದಿನದ ವ್ಯಾಪಾರ ಮುಗಿದ ಹಾಗೆಯೇ.

"ಬಿಡ್ತು ಅನ್ನಿ! ಆದ್ರೆ ನಾನು ಕಣ್ಣಿಗೆ ಏನನ್ನ ಒತ್ಕೊಳ್ಲಿ? ಆ ಚೀಟೀನಾ?"

ಆಕೆ ನಗುತ್ತಲೇ ಸ್ಕ್ಯಾನ್ ಮಾಡಿದರು. ಮೇಜಿನ ಮೇಲಿನ ಪುಟ್ಟ ಡಬ್ಬಿ ಹಣ ಬಂತೆಂದು ಕೂಗಿತು.

"ದುಡ್ಡು ಬಂದಿದ್ದು ಇದರಿಂದ್ಲೇ ತಾನೆ? ಇದನ್ನೇ ಒತ್ಕೊಳ್ಳಿ," ಎಂದು ಫೋನನ್ನೇ ಚಾಚಿದರು.

ರುದ್ರಮುನಿಯವರ ಮುಖ ಅರಳಿತು. ಫೋನನ್ನು ಎರಡೂ ಕೈಯಲ್ಲಿ ತೆಗೆದುಕೊಂಡು, ಭಕ್ತಿಯಿಂದ ಕಣ್ಣಿಗೊತ್ತಿಕೊಂಡು, ಎಂದಿನ ಅಭ್ಯಾಸದಂತೆ ಗಲ್ಲಾಪೆಟ್ಟಿಗೆಗೆ ಹಾಕಿ ಬೀಗ ತಿರುಗಿಸಿದರು.

"ಯಜಮಾನ್ರೇ, ನನ್ನ ಫೋನು!"

ಅವರು ಬೀಗದ ಕೈ ನೋಡಿದರು. ಗೋಡೆಯ ಮೇಲಿದ್ದ ಅಪ್ಪನ ಫೋಟೋ ನೋಡಿದರು. ಆಮೇಲೆ ಆಕೆಯ ಕಡೆಗೆ ಮೆಲ್ಲಗೆ ಕುರ್ಚಿ ಸರಿಸಿದರು.

"ಕೂತ್ಕೊಳ್ಳಿ ಮೇಡಂ, ಕಾಫಿ ತರಿಸ್ತೀನಿ. ದೀಪ ಹಚ್ಚಿದ ತಕ್ಷಣ ಕೊಟ್ಬಿಡ್ತೀನಿ."