ಗುಡ್ಡ ಮೊದಲು ಊದಿತು

ಬೋಳುಗುಡ್ಡದ ಬುಡದ ಆ ಊರಿನಲ್ಲಿ ಪ್ರತಿಧ್ವನಿ ಮೊದಲು ಬರುತ್ತದೆ, ದನಿ ಆಮೇಲೆ. ಗುಡ್ಡ ನುಡಿದದ್ದನ್ನು ಸಂಜೆಯೊಳಗೆ ನುಡಿಸಲೇಬೇಕು, ಅದು ಅಲ್ಲಿಯ ಕಟ್ಟಳೆ.

ಡೆಲ್ಫಿನ್ ಟ್ರಂಪೆಟ್ಟನ್ನು ಎದೆಗವಚಿಕೊಂಡು ಅಳುತ್ತಿದ್ದಳು. "ಟೀಚರ್, ಇವತ್ತು ಗುಡ್ಡದಲ್ಲಿ ನನ್ನ ಸೋಲೋ ಒಂಬತ್ತನೇ ಸಾಲಿಗೇ ನಿಂತಿತು. ಆಮೇಲೆ ನಾನೇ ಕಿರುಚಿದ್ದು ಕೇಳಿಸಿತು. ನಾನು ಊದುವುದಿಲ್ಲ."

ಎಮಿಲಿಯಾ ಟೀಚರ್ ನಕ್ಕರು. "ನಿನ್ನದೆಂತ ಮಾರಾಯ್ತಿ! ನಾನೂ ಕೇಳಿದ್ದೇನೆ. ಮೇಲಿನ ಸ್ವರಕ್ಕೆ ಹತ್ತುವ ಮೊದಲು ಅಷ್ಟು ತಡೆದು ಊದುವವಳು ನೀನಾ? ನೀನು ಬಸ್ಸು ತಪ್ಪಿದವರ ಹಾಗೆ ಓಡ್ತೀ. ಅದು ನನ್ನ ಉಸಿರು. ಕೊಡಿಲ್ಲಿ."

ಹಾಗಾದರೆ ಒಂಬತ್ತನೇ ಸಾಲಿಗೆ ನಿಲ್ಲುವುದು ಟೀಚರ್ ಉಸಿರೇ ಎಂದು ಡೆಲ್ಫಿನ್ ಟ್ರಂಪೆಟ್ಟನ್ನು ಇನ್ನೂ ಬಿಗಿಯಾಗಿ ಹಿಡಿದಳು. ಟೀಚರ್ ಟ್ರಂಪೆಟ್ಟನ್ನು ಬಿಡಿಸಿಕೊಂಡು, ತುಟಿ ಸವರಿ, ಊದತೊಡಗಿದರು. ಎಂದಿಗಿಂತ ಇಂಪಾಗಿತ್ತು.

ತಾನು ಕಿರುಚದಿದ್ದರೆ ಗುಡ್ಡ ಸುಳ್ಳಾದೀತೆಂದು, ಒಂಬತ್ತನೇ ಸಾಲು ಬರುವ ಮೊದಲೇ ಡೆಲ್ಫಿನ್ ಎರಡೂ ಕೈಯಿಂದ ಬಾಯಿಯನ್ನು ಬಿಗಿಯಾಗಿ ಮುಚ್ಚಿಕೊಂಡಳು.