ಏಳನೆಯ ತಿರುವಿನ ಗೆರೆ

ಅಂದು ಗೆದ್ದವರಿಗೆ ನಿಜವಾದ ಟ್ರ್ಯಾಕಿನಲ್ಲಿ ನಿಜವಾದ ರೇಸ್ ಕಾರು ಓಡಿಸುವ ಅವಕಾಶವಿತ್ತು. ಪರದೆಯ ಮುಂದೆ ಕೂತು ಕಾರು ಓಡಿಸುವ ಸಿಮ್ಯುಲೇಟರ್ ಸೆಂಟರಿನ ಆ ಸ್ಪರ್ಧೆಯಲ್ಲಿ ಕೊನೆಗೆ ಉಳಿದವರು ಜೀವಿತಾ ಮತ್ತು ಡೆಂಜಿಲ್ ಇಬ್ಬರೇ. ಇಬ್ಬರ ಪರದೆಯ ಮೇಲೂ, ಹಿಂದಿನ ಯಾರದೋ ಓಟದಿಂದ ತೆಗೆದ, ದಾರಿ ತೋರಿಸುವ ಒಂದು ಗೆರೆ ಇತ್ತು. ಅದು ಹಸಿರಿದ್ದರೆ ವೇಗ, ಕೆಂಪಾದರೆ ಬ್ರೇಕು. ಅದನ್ನು ಕಂಪ್ಯೂಟರಿಗೆ ಹಾಕಿದವನು ಸೆಂಟರಿನಲ್ಲೇ ಕೆಲಸಕ್ಕಿದ್ದ ಡೆಂಜಿಲ್ ಎಂಬುದು ಜೀವಿತಾಳ ಮನಸ್ಸಿನಲ್ಲಿ ಮುಳ್ಳಿನಂತೆ ಕೂತಿತ್ತು.

ಅಭ್ಯಾಸಕ್ಕೆ ಸಿಕ್ಕ ಒಂದೇ ಸುತ್ತಿನಲ್ಲಿ, ಏಳನೆಯ ತಿರುವಿಗೆ ಗೆರೆ ತೀರಾ ತಡವಾಗಿ ಕೆಂಪಾಗುವುದು ಅವಳ ಕಣ್ಣಿಗೆ ಬಿತ್ತು.

"ಇಷ್ಟು ತಡ ಮಾಡಿ ಬ್ರೇಕ್ ಹಾಕಿದ್ರೆ ಕಾರು ಗೋಡೆಗೇ ಹೋಗ್ತದೆ," ಎಂದಳು.

"ಹೋಗುದಿಲ್ಲ ಮಾರಾಯ್ತಿ. ಗೆರೆ ನಂಬಿ ಹೋಗು."

"ಹಾಕಿದ್ದು ನೀನಲ್ವಾ? ಅದಕ್ಕೇ ಹೆದರಿಕೆ."

ಅವನು ನಕ್ಕ. ಆ ನಗು ಅವಳಿಗೆ ಸರಿಬರಲಿಲ್ಲ.

ಸ್ಪರ್ಧೆಯ ಕೊನೆಯ ಸುತ್ತಿನಲ್ಲಿ ಆರನೆಯ ತಿರುವು ದಾಟುವವರೆಗೂ ಅವಳೇ ಮುಂದಿದ್ದಳು. ಏಳನೆಯದು ಬಂದಾಗ, ಗೆರೆ ಇನ್ನೂ ಹಸಿರಾಗಿರುವಾಗಲೇ ಬ್ರೇಕ್ ಒತ್ತಿಬಿಟ್ಟಳು. ಡೆಂಜಿಲ್ ಗೆರೆ ಬಿಡದೆ ಅವಳ ಪಕ್ಕದಿಂದ ನುಗ್ಗಿದ. ಅವನ ಕಾರು ಗೋಡೆಗೆ ತಾಗಲಿಲ್ಲ. ಅಲ್ಲಿ ಕಳೆದುಕೊಂಡ ಜಾಗ ಅವಳಿಗೆ ಮತ್ತೆ ಸಿಗಲೂ ಇಲ್ಲ.

ಜನ ಅವನನ್ನು ಮುತ್ತಿಕೊಂಡರು. ಅವಳು ಹೆಡ್‌ಫೋನ್ ಕಿತ್ತಿಟ್ಟು ನೇರ ಅವನ ಹತ್ತಿರ ಬಂದಳು.

"ಸತ್ಯ ಹೇಳು, ಯಾರ ಓಟದಿಂದ ತೆಗೆದದ್ದು ಆ ಗೆರೆ? ನಿನ್ನದೇ ಅಲ್ವಾ?"

"ನನ್ನದೆಲ್ಲಿ ಅಷ್ಟು ಚಂದ ಉಂಟು? ಹೋದ ತಿಂಗಳು ಗೆರೆ ಇಲ್ಲದೆಯೇ ಓಡಿಸಿ ಸೆಂಟರಿನ ದಾಖಲೆ ಮುರಿದೆಯಲ್ಲ, ನಿನ್ನ ಆ ಓಟದ್ದೇ ಮಾರಾಯ್ತಿ."